ಕೈ ಇಂಜಿನಿಯರ್

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಎಂದು ಹಿಂದಿನವರು ಹಾಸ್ಯಕ್ಕೆ ಹೇಳುತ್ತಿದ್ದರು. ಹೊನ್ನಗಟ್ಟದವರಿಗೆ ಅದೇ ಹೊಟ್ಟೆಪಾಡಾಯಿತು. ಚಿನ್ನವೆಲ್ಲ ತೆಗೆದು ಮುಗಿದು ಪಾಳುಬಿದ್ದಿದ್ದ ಗಣಿಯ ಬಾಯಿಗೆ ಉಕ್ಕಿನ ಮುಚ್ಚಳ ಕೂರಿಸಿ, ಹಗಲೆಲ್ಲ ಬಿಸಿಲಿನಿಂದ ಬರುವ ಕರೆಂಟಿನಲ್ಲಿ ಅದರೊಳಕ್ಕೆ ಗಾಳಿ ತುರುಕುವುದು. ಹೊತ್ತು ಮುಳುಗಿದ ಮೇಲೆ ಅದೇ ಗಾಳಿಯನ್ನು ಹೊರಗೆ ಬಿಟ್ಟು, ಚಕ್ರ ತಿರುಗಿಸಿ, ಕರೆಂಟು ತೆಗೆಯುವುದು. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದು ಬಿಟ್ಟ ಹಾಗೆ, ಅಷ್ಟೇ. ಟ್ಯೂಬು ಮಾತ್ರ ಒಂದು ಊರಿನಷ್ಟು ದೊಡ್ಡದು, ಅದರೊಳಗಿನ ಒತ್ತಡ ನಾವು ನೀವು ಉಸಿರಾಡುವ ಗಾಳಿಯ ನಲವತ್ತು ಪಟ್ಟು. ನಾಲ್ಕು ಜಿಲ್ಲೆಗಳ ಸಂಜೆಯ ದೀಪ, ಆಸ್ಪತ್ರೆ, ಕುಡಿಯುವ ನೀರಿನ ಪಂಪು ಎಲ್ಲವೂ ಆ ಟ್ಯೂಬನ್ನೇ ನಂಬಿಕೊಂಡಿದ್ದವು.

ಟ್ಯೂಬು ಅಂದ ಮೇಲೆ ಪಂಕ್ಚರು ಇದ್ದದ್ದೇ. ಗಾಳಿ ತುಂಬಿ ಇಳಿದ ಹಾಗೆಲ್ಲ ಬಂಡೆಯೂ ಉಬ್ಬಿ ಇಳಿಯುತ್ತದೆ, ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಆ ಬಿರುಕಿಗೆ ಅರಗು ತುಂಬಿ, ಮೇಲೆ ಕಂಚಿನ ತಗಡು ಕೂರಿಸಿ, ಬೋಲ್ಟು ಬಿಗಿಯಬೇಕು. ಗಾಳಿ ಖಾಲಿ ಮಾಡಿಕೊಂಡು ರಿಪೇರಿ ಮಾಡೋಣವೆಂದರೆ ಬಂಡೆ ಕುಸಿಯುತ್ತದೆ. ರೋಬಾಟು ಕಳಿಸೋಣವೆಂದರೆ ಅಷ್ಟು ದಟ್ಟ ಗಾಳಿಯಲ್ಲಿ ಮೋಟಾರಿನ ಒಂದು ಕಿಡಿಗೆ ಕಬ್ಬಿಣವೂ ಹತ್ತಿಕೊಂಡು ಉರಿಯುತ್ತದೆ. ಮೊದಲ ವರ್ಷ ಕಳಿಸಿದ ರೋಬಾಟು ಈಗಲೂ ಅಲ್ಲೇ, ಕರಗಿ ಗೋಡೆಗೆ ಅಂಟಿಕೊಂಡಿದೆ. ಹೀಗಾಗಿ, ಲೆಕ್ಕ ನಕ್ಷೆ ಯೋಚನೆ ಎಲ್ಲವನ್ನೂ ಯಂತ್ರವೇ ಮಾಡಿ, ಇಂಜಿನಿಯರ್ ಎಂಬವನು ಪರದೆಯ ಮುಂದೆ ಕೂತು ಅದಕ್ಕೆ ಹೂಂಗುಟ್ಟುವ ಕಾಲದಲ್ಲೂ, ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಇಂಜಿನಿಯರುಗಳು ಹೊನ್ನಗಟ್ಟದಲ್ಲಿ ಉಳಿದುಕೊಂಡಿದ್ದರು. ಊರವರು ಅವರನ್ನು ಕೈ ಇಂಜಿನಿಯರ್ ಎಂದು ಕರೆಯುತ್ತಿದ್ದರು.

ಇಬ್ಬಿಬ್ಬರ ಜೋಡಿ. ಒಂದು ತಿಂಗಳು ಗಣಿಯೊಳಗೇ ಒಂದು ಉಕ್ಕಿನ ಕೋಣೆಯಲ್ಲಿ ವಾಸ. ಅದಕ್ಕೆ ಗೂಡು ಎಂದು ಹೆಸರು. ಗೂಡಿನ ಒಳಗೂ ಅದೇ ಒತ್ತಡ, ಆದರೆ ಅಲ್ಲಿ ತುಂಬಿರುವುದು ಹೀಲಿಯಂ. ಉಸಿರಿಗೆ ಬೇಕಾದಷ್ಟೇ ಆಮ್ಲಜನಕ. ಕೆಲಸಕ್ಕೆ ಗಾಳಿ ತುಂಬಿದ ಗಣಿಯ ಗವಿಗೆ ಇಳಿಯುವಾಗ ಅದೇ ಹೀಲಿಯಂ ಮುಖವಾಡದ ಮೂಲಕ. ಹೀಲಿಯಂನಲ್ಲಿ ಮನುಷ್ಯನ ದನಿ ಬಾತುಕೋಳಿಯ ದನಿಯಾಗುತ್ತದೆ, ನಾಲಿಗೆಗೆ ರುಚಿ ಹತ್ತುವುದಿಲ್ಲ. ಇವೆಲ್ಲ ಸಣ್ಣ ಕಷ್ಟ. ದೊಡ್ಡ ಕಷ್ಟ ಹೊರಗೆ ಬರುವುದು. ರಕ್ತಮಾಂಸಕ್ಕೆಲ್ಲ ಒತ್ತಡದ ಗಾಳಿ ಸೇರಿಕೊಂಡಿರುತ್ತದಲ್ಲ, ಬಾಗಿಲು ತೆಗೆದು ಹಾಗೇ ಬಂದರೆ ಸೋಡಾ ಬಾಟಲಿ ತೆರೆದ ಹಾಗಾಗುತ್ತದೆ. ಇಷ್ಟಿಷ್ಟೇ ಒತ್ತಡ ಇಳಿಸಿಕೊಂಡು ಬರಲು ಹನ್ನೊಂದು ದಿನ ಬೇಕು. ಮನೆಯಲ್ಲಿ ಹೆಣ ಬಿದ್ದರೂ ಹನ್ನೊಂದು ದಿನವೇ.

ಈ ಕೆಲಸಕ್ಕೆ ಬರುತ್ತೀಯಾ ಎಂದು ಇಂಚರಳನ್ನು ಕೇಳಿದ್ದರು.

ಇಂಚರ ಮೇಲಿನ ನಿಯಂತ್ರಣ ಕೋಣೆಯಲ್ಲಿ ಗೂಡಿನವರ ಉಸಿರು ನೋಡಿಕೊಳ್ಳುವ ಇಂಜಿನಿಯರ್. ನೋಡಿಕೊಳ್ಳುವುದೆಂದರೆ ನೋಡುವುದೇ. ಯಂತ್ರ ಆಮ್ಲಜನಕ ಹಾಕುತ್ತದೆ, ಯಂತ್ರ ತೆಗೆಯುತ್ತದೆ, ಇವಳು ಸರಿ ಎಂದು ಒತ್ತುತ್ತಾಳೆ. ಒತ್ತದಿದ್ದರೂ ಅದು ಸ್ವಲ್ಪ ಹೊತ್ತು ಕಾದು ತಾನೇ ಸರಿ ಎಂದುಕೊಳ್ಳುತ್ತದೆ ಎಂಬುದು ಗೊತ್ತಾದ ದಿನ ಅವಳಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಚಿಕ್ಕಂದಿನಲ್ಲಿ ಮನೆಯ ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸಿ, ಎರಡು ಸ್ಕ್ರೂ ಉಳಿಸಿ ಬೈಸಿಕೊಂಡವಳು. ಇಂಜಿನಿಯರಿಂಗ್ ಓದಿದ್ದೇ ಕೈ ಕೊಳೆ ಮಾಡಿಕೊಳ್ಳುವ ಆಸೆಗೆ. ಓದು ಮುಗಿಯುವಷ್ಟರಲ್ಲಿ ಕೊಳೆಯೇ ಉಳಿದಿರಲಿಲ್ಲ.

ಗೂಡಿನ ಹಿರಿಯ ದೇವಸಹಾಯಂ ಅವಳ ಆಸೆ ಬಲ್ಲವನು. ಹಳೆಯ ಗಣಿ ಮನೆತನದ ಮನುಷ್ಯ, ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಲೋಹಶಾಸ್ತ್ರದ ಇಂಜಿನಿಯರ್. ಮೇಲಿನವರ ಜೊತೆ ಮಾತಾಡುವಾಗ ಅವನ ಬಾತುಕೋಳಿ ದನಿಯನ್ನು ಯಂತ್ರವೊಂದು ತಿದ್ದಿ ಮನುಷ್ಯರ ದನಿ ಮಾಡುತ್ತಿತ್ತು, ಆದರೆ ತಗಡು ಬಡಿದ ಹಾಗೆ ಕೇಳುತ್ತಿತ್ತು. ಆ ತಗಡು ದನಿಯಲ್ಲೇ ಅವನು ಅವಳಿಗೆ ಕೆಲಸದ ಒಳಿತು ಕೆಡುಕು ಎರಡನ್ನೂ ಬಿಡಿಸಿ ಹೇಳಿದ್ದ. ಪರದೆಯಲ್ಲಿ ಕಾಣದ ಬಿರುಕು ಬೆರಳಿಗೆ ಸಿಗುತ್ತದೆ, ಬೋಲ್ಟು ಕೂತ ಗಳಿಗೆ ಮೊಣಕೈವರೆಗೆ ತಿಳಿಯುತ್ತದೆ, ಅದರ ಸುಖ ಬೇರೆಲ್ಲೂ ಇಲ್ಲ ಎಂದ. ಹಾಗೆಯೇ ತನ್ನ ಸೊಂಟದ ಕೀಲಿನ ಮೂಳೆ ಒತ್ತಡಕ್ಕೆ ಸತ್ತಿದೆ, ಎಲ್ಲ ಕೈ ಇಂಜಿನಿಯರುಗಳಿಗೂ ಒಂದಲ್ಲ ಒಂದು ದಿನ ಅದು ಬರುತ್ತದೆ, ಮಗಳ ಮದುವೆಯನ್ನು ತಾನು ಗೂಡಿನ ಕಿಟಕಿಯ ಪರದೆಯಲ್ಲಿ ನೋಡಿದ್ದು ಎಂದೂ ಹೇಳಿದ. ಮುಚ್ಚಿಟ್ಟು ಹೆಣ್ಣು ಕೊಡುವ ಜಾತಿ ಅಲ್ಲ ನಾನು, ಎಲ್ಲ ತೂಗಿ ನೋಡಿ ಬಾ ಎಂದ.

ಅವನ ಜೋಡಿಯಾಗಿದ್ದವನು ಯೂನುಸ್. ಮಾತು ಕಡಿಮೆ, ನಗು ಜಾಸ್ತಿ. ಗೂಡಿನ ಸಪ್ಪೆ ಊಟಕ್ಕೆ ಅವನ ಹೆಂಡತಿ ಹಸೀನಾ ಹಾಕಿ ಕಳಿಸುತ್ತಿದ್ದ ಮಾವಿನ ಉಪ್ಪಿನಕಾಯಿಯೊಂದೇ ಅವನಿಗೆ ರುಚಿ ಹತ್ತುತ್ತಿದ್ದದ್ದು. ಸಣ್ಣ ಸಾಮಾನು ಒಳಗೆ ಹೊರಗೆ ಮಾಡಲು ಗೂಡಿಗೊಂದು ಎರಡು ಬಾಗಿಲಿನ ಬಿಲವಿತ್ತು. ಅದರಲ್ಲಿ ವಾರಕ್ಕೊಂದು ಜಾಡಿ ಇಳಿಯುತ್ತಿತ್ತು.

ಮನೆಯಲ್ಲಿ ಇಂಚರಳ ತೂಗುವಿಕೆ ಒಂದು ತಿಂಗಳಿಂದ ನಡೆದಿತ್ತು. ಗಂಡ ಮುನೀಂದ್ರ ಊರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ಹಸುವಿನ ಹೊಟ್ಟೆಯೊಳಗೆ ತೋಳು ತೂರಿಸಿ ಕರು ತಿರುಗಿಸುವ ಮನುಷ್ಯ; ಕೈಕೆಲಸದ ರುಚಿ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವನು ಒಪ್ಪಲಿಲ್ಲ. ತನ್ನ ಕೈ ಕೊಳೆಯಾದರೆ ಸೋಪು ಹಾಕಿ ತೊಳೆದುಕೊಂಡು ಸಂಜೆಗೆ ಮನೆಗೆ ಬರುತ್ತೇನೆ, ನಿನ್ನದು ಹಾಗಲ್ಲ ಎಂದ. ಐದು ವರ್ಷದ ಹಂಸಗೆ ಜ್ವರ ಬಂದರೆ ಹನ್ನೊಂದು ದಿನ ಆಚೆಯಿಂದ ಹಣೆ ಮುಟ್ಟಿ ನೋಡುತ್ತೀಯಾ ಎಂದ.  ಆ ಮಾತು ನಿಜವೆಂಬುದಕ್ಕೇ ಇಂಚರಳಿಗೆ ಸಿಟ್ಟು ಬರುತ್ತಿತ್ತು.

ಅತ್ತೆ ಚೌಡಮ್ಮ ಮಾತ್ರ ಸೊಸೆಯ ಪರ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವಳು ಮೊಸರು ತಿಂದ್ಕೊಂಡೇ ಕೆಸರಿಗೆ ಅಳ್ತಾವ್ಳೆ. ಹೋಗಿ ಬರ್ಲಿ ಬಿಡೋ. ನಿಮ್ಮಪ್ಪ ದುಬೈಗೆ ಹೋದಾಗ ಎರಡು ವರ್ಷ ಬರ್ಲಿಲ್ಲ, ನೀನೇನು ಬಡವಾದ್ಯಾ?" ಎಂದು ಮಗನ ಬಾಯಿ ಮುಚ್ಚಿಸುತ್ತಿದ್ದಳು. ಮುನೀಂದ್ರ ಎದ್ದು ಹೋಗುತ್ತಿದ್ದ. ಹೀಗೇ ತೂಗುತ್ತ ತೂಗುತ್ತ ಇಂಚರ ವೈದ್ಯಕೀಯ ಪರೀಕ್ಷೆ ಮುಗಿಸಿಕೊಂಡಳು, ಮೇಲಿನ ತೊಟ್ಟಿಯಲ್ಲಿ ಹತ್ತು ದಿನದ ತರಬೇತಿಯನ್ನೂ ಮುಗಿಸಿಕೊಂಡಳು, ಆದರೆ ಹೂಂ ಅನ್ನಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಗಾಳಿಗಣಿಯಲ್ಲಿ ಆಯುಧಪೂಜೆಗೆ ಒಂದು ಪದ್ಧತಿ ಬೆಳೆದುಬಂದಿತ್ತು. ಒಳಗಿನ ಕಂಚಿನ ಸ್ಪ್ಯಾನರು, ಸುತ್ತಿಗೆ, ಅರಗು ತುಂಬುವ ಬಂದೂಕು, ಅದರ ರಬ್ಬರು ಕೊಳವೆ ಎಲ್ಲವೂ ವರ್ಷಕ್ಕೊಂದು ಸಲ ಆ ಬಿಲದ ಮೂಲಕ ಮೇಲೆ ಬರುತ್ತಿದ್ದವು. ಮೇಲಿನವರು ಅವನ್ನು ತೊಳೆದು, ಹೂವಿಟ್ಟು, ಕುಂಕುಮದ ಬೊಟ್ಟಿಟ್ಟು, ಬೂದುಗುಂಬಳ ಒಡೆದು ಮತ್ತೆ ಕೆಳಗೆ ಕಳಿಸುತ್ತಿದ್ದರು. ಬೆಂಕಿಯ ಭಯಕ್ಕೆ ಕರ್ಪೂರ ಇಲ್ಲ, ದೀಪ ಇಲ್ಲ. ಎಣ್ಣೆಯಂತೂ ಸೋಕಿಸುವ ಹಾಗೇ ಇಲ್ಲ. ಆ ದಟ್ಟ ಗಾಳಿಯಲ್ಲಿ ಎಣ್ಣೆ ಹತ್ತಿಕೊಳ್ಳಲು ಕಿಡಿಯೂ ಬೇಕಾಗಿಲ್ಲ. ಒತ್ತಡದ ಗಾಳಿ ರಭಸದಿಂದ ಕೊಳವೆಗೆ ನುಗ್ಗಿದರೆ ಅದೇ ಕಾಯುತ್ತದೆ, ಎಣ್ಣೆ ಇದ್ದರೆ ತಾನಾಗಿ ಹೊತ್ತುತ್ತದೆ. ಡೀಸಲ್ ಇಂಜಿನಿನ ಹೊಟ್ಟೆಯಲ್ಲಿ ನಡೆಯುವುದೂ ಇದೇ. ಹೀಲಿಯಂ ತುಂಬಿದ ಗೂಡಿನೊಳಗೆ ಆ ಭಯವಿಲ್ಲ, ಗವಿಯಲ್ಲಿ ಉಂಟು; ಇದು ಅಲ್ಲಿ ಎಲ್ಲರಿಗೂ ಬಾಯಿಪಾಠ.

ಆ ವರ್ಷ ಬೊಟ್ಟಿಡುವ ಸರದಿ ಇಂಚರಳದ್ದು. ಇಷ್ಟು ದಿನ ಪರದೆಯಲ್ಲಷ್ಟೇ ಕಂಡ ಉಪಕರಣಗಳು ಕೈಗೆ ಸಿಕ್ಕಿದ್ದಕ್ಕೆ ಅವಳು ಒಂದೊಂದನ್ನೂ ತೂಗಿ, ತಿರುಗಿಸಿ, ಹಿಡಿಯ ಸವೆತದ ಮೇಲೆ ಬೆರಳಾಡಿಸಿ ಇಡುತ್ತಿದ್ದಳು. ಆಫೀಸಿನಲ್ಲಿ ತರಿಸಿದ್ದು ಒಣ ಕುಂಕುಮ. ನೀರಲ್ಲಿ ಕಲಸಿ ಇಟ್ಟರೆ ಏಸಿಯ ಗಾಳಿಗೆ ಒಣಗಿ ಪುಡಿಯಾಗಿ ಉದುರುತ್ತಿತ್ತು. ಇಟ್ಟ ಬೊಟ್ಟು ಕಣ್ಣೆದುರಿಗೇ ಉದುರಿದರೆ ಯಾರ ಮನಸ್ಸು ತಾನೆ ಸುಮ್ಮನಿರುತ್ತದೆ? ತಾನೂ ನಾಳೆ ಇಳಿಯಬಹುದಾದ ಜಾಗಕ್ಕೆ ಹೋಗುವ ಸಾಮಾನು. ಬ್ಯಾಗಿನಲ್ಲಿ ಅತ್ತೆ ಕೊಟ್ಟ ಬೆಳ್ಳಿ ಭರಣಿ ಇತ್ತು. ಅದರ ಕುಂಕುಮ ಎಂಥ ಬೆವರಿಗೂ ಜಗ್ಗುತ್ತಿರಲಿಲ್ಲ. ಇಂಚರ ಅದರಿಂದ ಎಲ್ಲದಕ್ಕೂ ಬೊಟ್ಟಿಟ್ಟಳು. ಕೊಳವೆಗೆ ಎಲ್ಲಿಡುವುದೆಂದು ನೋಡಿ, ಅದರ ಬಾಯಿಯ ಹಿತ್ತಾಳೆ ಬಳೆಯ ಅಂಚಿಗೆ ಇಟ್ಟಳು.

ಚೌಡಮ್ಮ ಕುಂಕುಮವನ್ನು ಹರಳೆಣ್ಣೆಯಲ್ಲಿ ನಾದಿ ಭರಣಿಗೆ ತುಂಬುತ್ತಿದ್ದಳು. ಅದನ್ನು ಇಂಚರ ಎಷ್ಟೋ ಸಲ ನೋಡಿದ್ದಳು. ಆದರೆ ಎಣ್ಣೆ ಎಂದರೆ ಡಬ್ಬದಲ್ಲಿರುವುದು, ಕುಂಕುಮ ಎಂದರೆ ಕುಂಕುಮ. ಒಂದರೊಳಗೆ ಇನ್ನೊಂದಿದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ಕೆಳಗೆ ಪ್ರತಿ ಸಲ ಜೋಡಿಸುವ ಮುಂಚೆ ಕೊಳವೆಯ ಬಾಯಿಯನ್ನು ಒಣಬಟ್ಟೆಯಲ್ಲಿ ಒರೆಸಬೇಕೆಂಬುದು ನಿಯಮ. ಮಾರನೆಯ ದಿನ ಯೂನುಸ್ ಒರೆಸಿದ, ಮೇಲೆ ಇಂಚರ ಅದನ್ನು ಪರದೆಯಲ್ಲಿ ನೋಡಿದಳು. ಸುತ್ತ ಒರೆಸಿ ಬೊಟ್ಟನ್ನು ಬಿಟ್ಟ. ಪೂಜೆಯಾದದ್ದನ್ನು ಅಳಿಸಬಾರದೆಂಬುದು ಅವನಿಗೂ ಗೊತ್ತಿತ್ತು, ಅವನ ಪೂಜೆಯಲ್ಲದಿದ್ದರೂ. ಹಿಂದಿನ ವರ್ಷಗಳಲ್ಲೂ ಹಾಗೇ ಬಿಟ್ಟಿದ್ದ, ಅದು ತಾನೇ ಉದುರಿತ್ತು. ಈ ಸಲ ಉದುರಿರಲಿಲ್ಲ. ಅವನು ಕೊಳವೆ ಜೋಡಿಸಿ, ಬಂದೂಕಿಗೆ ಒತ್ತಡದ ಗಾಳಿ ಕೊಡುವ ಸಿಲಿಂಡರಿನ ಕೀಲಿ ತಿರುಗಿಸಿದ.

ಮೇಲೆ ಪರದೆಯಲ್ಲಿ ಒಂದು ಬಿಳಿ ಬೆಳಕು ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ನಿಯಂತ್ರಣ ಕೋಣೆಯಲ್ಲಿ ಎಲ್ಲ ಗಂಟೆಗಳೂ ಒಟ್ಟಿಗೆ ಹೊಡೆದುಕೊಂಡವು. ಯಂತ್ರ ಗವಿಗೆ ನೀರು ಸುರಿಸಿತು. ಇಂಚರ ಸರಿ ಎಂದು ಒತ್ತುವ ಮೊದಲೇ. ಸ್ವಲ್ಪ ಹೊತ್ತಿಗೆ ಗೂಡಿನ ಬಾಗಿಲು ಮುಚ್ಚಿದ ಶಬ್ದ ಕೇಳಿಸಿತು. ದೇವಸಹಾಯಂ ಬರಿಗೈಯಲ್ಲಿ ಯೂನುಸ್‌ನ ಉಡುಪಿನ ಬೆಂಕಿ ಆರಿಸಿ, ಎಳೆದುಕೊಂಡು ಬಂದಿದ್ದ. ಗಣಿಯ ಡಾಕ್ಟರು ಮೇಲಿನಿಂದ ಹೀಗೆ ಮಾಡಿ ಹಾಗೆ ಮಾಡಿ ಎನ್ನುತ್ತಿದ್ದರು. ಮಾಡಲು ದೇವಸಹಾಯಂಗೆ ಕೈಗಳಿರಲಿಲ್ಲ. ಸಂಜೆ ದೀಪ ಹತ್ತುವ ಮೊದಲು ಯೂನುಸ್ ತೀರಿಕೊಂಡ.

ಹೆಣಕ್ಕೆ ಹನ್ನೊಂದು ದಿನ ಕೊಡಲಿಲ್ಲ. ಜನ ಹೋಗಿಬರುವ ದೊಡ್ಡ ಬಿಲದಿಂದ ಬೇಗ ಬೇಗ ಮೇಲೆ ತಂದರು, ತಂದ ಮೇಲೆ ಪೆಟ್ಟಿಗೆ ತೆರೆಯಬಾರದೆಂದರು. ಹಸೀನಾ ಗಂಡನ ಮುಖ ನೋಡದೆಯೇ ಮಣ್ಣಿಗೆ ಕಳಿಸಿದಳು.

ಸುಟ್ಟ ಕೊಳವೆಯೂ ಮೇಲೆ ಬಂತು. ಮರುದಿನ ಮುಖ್ಯಾಧಿಕಾರಿ ವೃಷಭೇಂದ್ರ ಎಲ್ಲರನ್ನೂ ಕೂರಿಸಿಕೊಂಡು, ಕೊಳವೆಯ ಬಾಯಲ್ಲಿ ಯಾವುದೋ ಬೀಜದ ಎಣ್ಣೆಯ ಅಂಶ ಸಿಕ್ಕಿದೆ, ಅದು ಅಲ್ಲಿಗೆ ಹೇಗೆ ಹೋಯಿತೋ ಗೊತ್ತಿಲ್ಲ ಎಂದರು. ಇಂಚರಳಿಗೆ ಗೊತ್ತಾಯಿತು. ಬಾಯಿ ತೆರೆದಳು, ಪಕ್ಕದವಳು ನೀರಿನ ಲೋಟ ಕೊಟ್ಟಳು, ಕುಡಿದಳು. ಹೇಳಲಿಲ್ಲ. ಹೇಳಬೇಕಾದ ಗಳಿಗೆ ಅದೇ ಆಗಿತ್ತು ಎಂಬುದು ಅವಳಿಗೆ ಆಗಲೇ ತಿಳಿದಿತ್ತು.

ವೃಷಭೇಂದ್ರರಿಗೆ ಬೇರೆ ಚಿಂತೆಯಿತ್ತು. ಬಿರುಕಿನ ಮೇಲಿನ ತಗಡು ಅರ್ಧ ಕೂತಿತ್ತು. ಬಂಡೆ ಇನ್ನು ಹತ್ತು ಹನ್ನೆರಡು ಸಲ ಉಬ್ಬಿ ಇಳಿದರೆ ಅದು ಕಿತ್ತುಬರುತ್ತದೆ, ಕಿತ್ತರೆ ಗವಿಯೇ ಹೋಗುತ್ತದೆ, ಗವಿಯೊಳಗಿನ ಗೂಡೂ ಹೋಗುತ್ತದೆ. ಇನ್ನೊಂದು ಜೋಡಿ ಹಿಂದಿನ ವಾರವಷ್ಟೇ ಹೊರಬಂದಿತ್ತು. ಅವರನ್ನು ಮತ್ತೆ ಒತ್ತಡಕ್ಕೆ ಹಾಕಿದರೆ ಸಾಯುತ್ತಾರೆ. ಪರೀಕ್ಷೆ, ತರಬೇತಿ ಎರಡೂ ಆಗಿದ್ದವರು ಉಳಿದಂತೆ ಒಬ್ಬರೇ.

ಇಂಚರ ಮನೆಗೆ ಬಂದು, ಗಣಿಗೆ ಇಳಿಯುತ್ತೇನೆ ಎಂದಳು. ಈ ಸಲ ತೂಗಲು ಏನೂ ಇರಲಿಲ್ಲ. ಮುನೀಂದ್ರ ಬೇಡವೆಂದು ಕೂಗಾಡಿದ, ಬೇಡಿಕೊಂಡ, ಕೊನೆಗೆ ಅವಳ ಮುಖ ನೋಡಿ ಒಪ್ಪಿದ. ಅಲ್ಲಿ ಕಂಡದ್ದನ್ನು ಧೈರ್ಯ ಎಂದು ಅವನು ತಿಳಿದ. ಚೌಡಮ್ಮ ಹಣೆಗಿಡಲು ಭರಣಿ ತಂದಾಗ ಇಂಚರ ಎರಡು ಹೆಜ್ಜೆ ಹಿಂದೆ ಸರಿದು, ಒಳಗೆ ಇದೆಲ್ಲ ಇಟ್ಟುಕೊಳ್ಳುವ ಹಾಗಿಲ್ಲ ಅತ್ತೆ ಎಂದಳು. ಮುದುಕಿಗೆ ನಿಜ ಹೇಳಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು. ಅದೂ ಒಂದು ನೆಪವೇ.

ಒತ್ತಡ ಏರುವಾಗ ಒಂದೊಂದು ಕೀಲೂ ನೊಂದಿತು. ಗೂಡಿನ ಒಳಬಾಗಿಲು ತೆರೆದಾಗ ದೇವಸಹಾಯಂ ಮಂಚದ ಮೇಲೆ ಎರಡೂ ಕೈ ಎದೆಯ ಮೇಲೆತ್ತಿಕೊಂಡು ಒರಗಿದ್ದ. ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಹಲ್ಲಿನಿಂದ ಎಳೆದು ತಾನೇ ಸುತ್ತಿಕೊಂಡದ್ದು. ಇಂಚರ ಅದನ್ನು ಬಿಚ್ಚಿ, ಡಾಕ್ಟರು ಹೇಳಿದ ಹಾಗೆ ತೊಳೆದು, ಮತ್ತೆ ಸುತ್ತಿದಳು. ಅವನಿಗೆ ಅನ್ನ ತಿನ್ನಿಸಿದಳು, ಮುಖ ಒರೆಸಿದಳು, ಬಚ್ಚಲಿಗೆ ಕರೆದೊಯ್ದಳು. ಐವತ್ತೆಂಟರ ಗಂಡಸು ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನನ್ನ ಮಗಳೂ ಇಷ್ಟು ಮಾಡುತ್ತಿರಲಿಲ್ಲವಮ್ಮ ಎಂದು ಬಾತುಕೋಳಿ ದನಿಯಲ್ಲಿ ಹೇಳಿದ. ಆ ಮಾತು ಇಂಚರಳಿಗೆ ಬರೆ ಎಳೆದ ಹಾಗಾಯಿತು, ಇನ್ನು ತಡೆಯಲಾಗಲಿಲ್ಲ.

"ಸಾರ್, ಕೊಳವೆ ಬಾಯಿಗೆ ಎಣ್ಣೆ ಹಚ್ಚಿದ್ದು ನಾನು. ನನ್ನ ಕುಂಕುಮದಲ್ಲಿ ಹರಳೆಣ್ಣೆ ಇತ್ತು," ಎಂದಳು.

ದೇವಸಹಾಯಂ ನಕ್ಕುಬಿಟ್ಟ. ಗೂಡಿಗೆ ಹೊಸದಾಗಿ ಬಂದವರ ದನಿ ಕೇಳಿದರೆ ಯಾರಿಗೂ ನಗು ಬರುತ್ತದೆ. ಅದರಲ್ಲೂ ಹೆಂಗಸಿನ ದನಿ, ಅಳು ಬೇರೆ ಬೆರೆತದ್ದು, ಕೀಲಿ ಕೊಟ್ಟ ಗೊಂಬೆಯ ಹಾಗೆ ಕೀಚ್‌ಗುಟ್ಟಿತ್ತು. ಬೆಂಕಿ ಬಿದ್ದಂದಿನಿಂದ ಅವನು ನಕ್ಕಿದ್ದು ಅದೇ ಮೊದಲು. ಸುಟ್ಟ ಕೈ ಎದೆಗೆ ತಾಗಿ ನೋಯುತ್ತಿದ್ದರೂ ನಗು ತಡೆಯಲಾರದೆ, "ಏನಂದೆ, ಕುಂಕುಮಾನಾ? ನಿಧಾನಕ್ಕೆ ಹೇಳಮ್ಮ," ಎಂದ.

ಅವಳು ನಿಧಾನಕ್ಕೆ, ಒಂದೊಂದೇ ಮಾತು ಬಿಡಿಸಿ, ಅದೇ ಗೊಂಬೆ ದನಿಯಲ್ಲಿ ಮತ್ತೆ ಹೇಳಿದಳು. ನಗು ನಿಂತಿತು. ದೇವಸಹಾಯಂ ಬಹಳ ಹೊತ್ತು ಅವಳನ್ನೇ ನೋಡಿ, ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದ. ಆ ದಿನ ಅವಳ ಕೈಯಿಂದ ಊಟ ಮಾಡಲಿಲ್ಲ.

ಮರುದಿನ ಎದ್ದವನು ಕೆಲಸದ ಮಾತಷ್ಟೇ ಆಡಿದ. ಇಬ್ಬರೂ ಮುಖವಾಡ ತೊಟ್ಟು ಗವಿಗೆ ಇಳಿದರು. ದಟ್ಟ ಗಾಳಿಯಲ್ಲಿ ನಡೆಯುವುದೆಂದರೆ ಸೊಂಟಮಟ್ಟ ನೀರಿನಲ್ಲಿ ನಡೆದ ಹಾಗೆ. ಅವನು ಪಕ್ಕದಲ್ಲಿ ನಿಂತು ಗಲ್ಲದಿಂದ, ಮೊಣಕೈಯಿಂದ ತೋರಿಸುತ್ತಿದ್ದ, ಇವಳು ಮಾಡುತ್ತಿದ್ದಳು. ಬಂಡೆಯ ಮೇಲೆ ಅಂಗೈ ಸವರಿಸಿ ಬಿರುಕಿನ ತಂಪು ಹುಡುಕುವುದನ್ನು ಕಲಿಸಿದ. ಅರಗು ಬಿಗಿಯಾಗುತ್ತ ಬಂದ ಹಾಗೆ ಬಂದೂಕಿನ ಹಿಡಿ ನಡುಗುವುದನ್ನು ಕಲಿಸಿದ. ಬೋಲ್ಟನ್ನು ಒಂದೇ ಕಡೆ ಬಿಗಿಯದೆ ಎದುರು ಬದುರು ಇಷ್ಟಿಷ್ಟೇ ಬಿಗಿಯುವುದು, ಇನ್ನೊಂದು ಸುತ್ತು ಎಂದು ಮನಸ್ಸು ಹೇಳಿದರೂ ಕೈ ಸಾಕು ಎಂದರೆ ನಿಲ್ಲಿಸುವುದು.

ನಾಲ್ಕನೆಯ ದಿನ ಅವಳ ಕೈ ತಾನೇ ಸಾಕು ಎಂದಿತು. ತಗಡು ಬಂಡೆಗೆ ಕಚ್ಚಿಕೊಂಡದ್ದು ತೋಳಿನುದ್ದಕ್ಕೂ ತಿಳಿಯಿತು. ಬದುಕಿನಲ್ಲಿ ಅಂಥ ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ. ಒಬ್ಬನನ್ನು ಕೊಂದು, ಅವನ ಜಾಗದಲ್ಲಿ ನಿಂತು, ಅವನ ಸ್ಪ್ಯಾನರ್ ಹಿಡಿದು ಹೀಗೆ ಸುಖಪಡುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಆದರೂ ಸುಖ ಸುಳ್ಳಾಗಿರಲಿಲ್ಲ.

ದೇವಸಹಾಯಂ ತಗಡಿಗೆ ಕೆನ್ನೆಯಿಟ್ಟು ನೋಡಿದ. ಗೂಡಿಗೆ ಬಂದು ಕೂತ ಮೇಲೆ ಮಾತು ತೆಗೆದ.

"ಬೆಂಕಿ ಹೇಗೆ ಹತ್ತಿತು ಅಂತ ನಾನು ಯಾರಿಗೂ ಹೇಳಲ್ಲ. ನೀನೂ ಹೇಳ್ಬೇಡ. ಹೇಳಿದ್ರೆ ನಿನ್ನನ್ನ ಮೇಲೂ ಇಡಲ್ಲ, ಕೆಳಗೂ ಇಡಲ್ಲ. ನನ್ನ ಕೈ ಮುಗೀತು. ಇರೋದು ಇನ್ನೊಂದೇ ಜೋಡಿ, ಅವರ ಮೂಳೆ ಇನ್ನೆಷ್ಟು ದಿನವೋ. ನಿನ್ನ ಕೈಗೆ ಬಂಡೆ ಮಾತು ಕೇಳ್ಸುತ್ತೆ. ಯೂನುಸ್ ಜಾಗಕ್ಕೆ ನೀನು ಬರ್ಬೇಕು. ಬೇರೆ ಶಿಕ್ಷೆ ನಂಗೆ ಗೊತ್ತಿಲ್ಲ."

ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಬರುತ್ತೇನೆ ಎಂದಳು. ಒತ್ತಡ ಇಳಿಯತೊಡಗಿತು.

ಇಳಿಯುವ ದಿನಗಳಲ್ಲಿ ಮನೆಗೆ ಮಾತಾಡಲು ಬಿಡುತ್ತಿದ್ದರು. ಮುನೀಂದ್ರನ ಫೋನಿಗೆ ದನಿ ತಿದ್ದುವ ಯಂತ್ರ ಇರಲಿಲ್ಲ. ಅಮ್ಮನ ದನಿ ಕೇಳಿ ಹಂಸ ಬಿದ್ದು ಬಿದ್ದು ನಕ್ಕು, ಇನ್ನೊಂದು ಸಲ ಮಾತಾಡು ಅಮ್ಮ ಎಂದು ಗಂಟು ಬಿದ್ದಳು. ಆಮೇಲೆ ಮುನೀಂದ್ರ ಫೋನು ತೆಗೆದುಕೊಂಡು ಊರಿನ ಸುದ್ದಿ ಹೇಳಿದ. ಕಾರಣ ಸಿಕ್ಕಿತಂತೆ. ಯೂನುಸ್ ಉಪ್ಪಿನಕಾಯಿ ತಿಂದು ಕೈ ಸರಿಯಾಗಿ ತೊಳೆಯದೆ ಕೊಳವೆ ಮುಟ್ಟಿದ್ದನಂತೆ, ಎಣ್ಣೆ ಅಲ್ಲಿಂದ ಬಂದದ್ದಂತೆ. ಹಸೀನಾ ಮನೆಯಲ್ಲಿದ್ದ ಜಾಡಿಗಳನ್ನೆಲ್ಲ ಬೀದಿಗೆ ತಂದು ಒಡೆದಳಂತೆ, ಈಗ ಒಲೆ ಹಚ್ಚುವುದನ್ನೇ ಬಿಟ್ಟಿದ್ದಾಳಂತೆ. ಪಾಪ ಎಂದ. ಇಂಚರ ಫೋನು ಇಟ್ಟಳು. ದೇವಸಹಾಯಂ ಎಲ್ಲ ಕೇಳಿಸಿಕೊಂಡಿದ್ದ. ಅವನು ಶಿಲುಬೆಯ ಗುರುತು ಹಾಕಿಕೊಳ್ಳಲು ಬಟ್ಟೆ ಸುತ್ತಿದ ಕೈಯನ್ನು ಹಣೆಯವರೆಗೆ ಎತ್ತಿ, ನೋವಿಗೆ ಅರ್ಧಕ್ಕೇ ಇಳಿಸಿ, "ಸತ್ತವನು ವಾಪಸ್ಸು ಬರಲ್ಲಮ್ಮ. ಗಣಿ ಉಳೀಬೇಕು," ಎಂದಷ್ಟೇ ಹೇಳಿದ.

ಹೊರಗೆ ಬಂದ ವಾರಕ್ಕೆ ವಿಚಾರಣೆ. ಮೇಜಿನ ಆಚೆ ವೃಷಭೇಂದ್ರ ಮತ್ತು ರಾಜಧಾನಿಯಿಂದ ಬಂದ ಇಬ್ಬರು, ಈಚೆ ಗಣಿಯವರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಪ್ಪು ದುಪಟ್ಟಾ ಹೊದ್ದು ಹಸೀನಾ. ಎಲ್ಲ ಬೇಗ ಬೇಗ ಸಾಗಿತು. ಉಪ್ಪಿನಕಾಯಿಯ ಎಣ್ಣೆ, ಮೃತನ ಅಜಾಗರೂಕತೆ, ಇನ್ನು ಮುಂದೆ ಗೂಡಿಗೆ ಮನೆಯ ತಿಂಡಿ ಬಂದ್. ಬೇರೆ ಕಾರಣ ಗೊತ್ತೇ ಎಂದು ದೇವಸಹಾಯಂನನ್ನು ಕೇಳಿದರು. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತ ಇಲ್ಲ ಎಂದ. ಆಮೇಲೆ ವೃಷಭೇಂದ್ರ ಇಂಚರಳ ಸಾಹಸವನ್ನು ಹೊಗಳಿ, ಅವಳನ್ನು ಕೈ ಇಂಜಿನಿಯರ್ ಹುದ್ದೆಗೆ ತೆಗೆದುಕೊಂಡಿರುವುದಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬದುಕಿನಲ್ಲಿ ಬಯಸಿದ್ದು ಅದೊಂದೇ ಕೆಲಸ, ಮತ್ತು ಅದು ಬರುತ್ತದೆ ಎಂಬುದು ಈಗ ಅವಳ ಕೈಗೇ ಗೊತ್ತಿತ್ತು.

ಏನಾದರೂ ಕೇಳುವುದಿದೆಯೇ ಎಂದು ಹಸೀನಾಳನ್ನು ವಾಡಿಕೆಗೆ ಕೇಳಿದರು. ಅವಳು ಎದ್ದು ನಿಂತಳು.

"ಯಾವಾಗ್ಲೂ ಎಣ್ಣೆ ಮೇಲೆ ತೇಲೋ ಹಾಗೆ ಹಾಕ್ತಿದ್ದೆ ಸಾರ್. ಅವರಿಗೆ ಹಾಗಿದ್ರೇನೇ ಇಷ್ಟ. ನಾನು ಸ್ವಲ್ಪ ಕಮ್ಮಿ ಹಾಕಿದ್ರೆ ಬದುಕ್ತಿದ್ರಾ?"

 ರಾಜಧಾನಿಯವರು ಕೆಮ್ಮಿದರು. ಇಂಚರ ಎದ್ದಳು. ದೇವಸಹಾಯಂ ಅವಳ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದ್ದನ್ನು ಅವಳು ನೋಡಿದಳು, ನೋಡಿಯೂ ಹೇಳಿದಳು. ಅದು ಉಪ್ಪಿನಕಾಯಿ ಅಲ್ಲ, ನನ್ನ ಕುಂಕುಮ. ಆಯುಧಪೂಜೆಗೆ ಇಟ್ಟದ್ದು ನಾನು, ಅದರಲ್ಲಿ ಹರಳೆಣ್ಣೆ ಇತ್ತು. ಯೂನುಸ್ ಕೊಳವೆ ಒರೆಸಿದ್ದರು. ಪೂಜೆಯ ಬೊಟ್ಟು ಎಂದು ಅದೊಂದನ್ನು ಬಿಟ್ಟಿದ್ದರು. ನಿಮ್ಮಿಂದ ಏನೂ ಆಗಿಲ್ಲ ಅಕ್ಕ ಎಂದಳು.

ಹಸೀನಾ ಅವಳ ಹತ್ತಿರ ಬಂದು ಮುಖವನ್ನೇ ನೋಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಮಾರನೇ ದಿನವೇ."

ಹಸೀನಾ ತಲೆಯಾಡಿಸಿದಳು. ಬೈಯಲಿಲ್ಲ, ಹೊಡೆಯಲಿಲ್ಲ, ಅಳಲೂ ಇಲ್ಲ. ಮೇಜಿನ ಕಡೆ ತಿರುಗಿ, ನನ್ನ ಗಂಡ ಒರೆಸಿದ್ದರು ಅನ್ನುವುದನ್ನು ಸರಿಯಾಗಿ ಬರೆದುಕೊಳ್ಳಿ ಎಂದು ಹೇಳಿ ಹೊರಗೆ ನಡೆದಳು. ಆ ಮಧ್ಯಾಹ್ನವೇ ಇಂಚರಳ ಮೇಲಿನ ಕೆಲಸವೂ ಹೋಯಿತು, ಕೆಳಗಿನದೂ ಹೋಯಿತು; ಪೊಲೀಸರು ಮಾರನೆಯ ದಿನ ಬರಹೇಳಿದರು.

ಗೇಟಿನ ಹತ್ತಿರ ದೇವಸಹಾಯಂ ಬೇವಿನ ಮರದ ನೆರಳಲ್ಲಿ ನಿಂತಿದ್ದ. ಅವಳು ದಾಟಿ ಹೋಗಲು ನೋಡಿದಳು. ಅವನು ಬಿಡಲಿಲ್ಲ. ಹೊರಗಿನ ಗಾಳಿಯಲ್ಲಿ ಅವನ ನಿಜವಾದ ದನಿ ದಪ್ಪಗೆ, ಒರಟಾಗಿತ್ತು. ಮುಂದಿನ ತಿಂಗಳು ಇನ್ನೊಂದು ಕಡೆ ಬಿರುಕು ಬಿಡುತ್ತದೆ, ಆವಾಗ ಯಾರನ್ನು ಕಳಿಸುತ್ತಾರೆ, ಯಾವ ಹಸೀ ಹುಡುಗರನ್ನು ಕಳಿಸಿ ಸಾಯಿಸುತ್ತಾರೆ ಎಂದು ಕೇಳಿದ. ನಾಲ್ಕು ಜಿಲ್ಲೆ ಕತ್ತಲಾದರೆ ನಿನ್ನ ನಿಜ ಯಾರಿಗೆ ಬೆಳಕು ಕೊಡುತ್ತದೆ ಎಂದು ಕೇಳಿದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದು ಇಂಚರಳಿಗೂ ಗೊತ್ತಿತ್ತು.

"ನಂಗೆ ಹೇಳಿದ್ಯಲ್ಲಮ್ಮ. ಒಬ್ಬರಿಗೆ ಹೇಳಿದ್ದು ಸಾಕಾಗಿರ್ಲಿಲ್ವಾ?"

ಇಂಚರ ಅವನ ಕಡೆ ತಿರುಗಿದಳು.

"ನಿಮಗೆ ಹೇಳಿದಾಗ ನೀವು ನಕ್ಕುಬಿಟ್ರಿ ಸಾರ್. ತಪ್ಪು ನಿಮ್ಮದಲ್ಲ, ಆ ದನಿ ಹಾಗಿತ್ತು. ಒಂದು ಸಲ ನನ್ನ ದನೀಲೇ ಹೇಳ್ಬೇಕಿತ್ತು."

ದೇವಸಹಾಯಂ ಬಟ್ಟೆ ಸುತ್ತಿದ ಮೊಣಕೈಯಿಂದ ಗೇಟು ತಳ್ಳಿ ಅವಳಿಗೆ ದಾರಿ ಬಿಟ್ಟ.